ರೋಸಲಿಂಡ್ ಬರೆದಿಟ್ಟ ತಾರೀಖುಗಳು

ನಮ್ಮ ಎಂ.ಎಸ್ಸಿ. ಪ್ರಾಜೆಕ್ಟಿನ ಲೆಕ್ಕವೆಲ್ಲ ಲ್ಯಾಬ್ ಕಂಪ್ಯೂಟರಿನ ಒಂದೇ ಎಕ್ಸೆಲ್ ಫೈಲಿನಲ್ಲಿತ್ತು. ನಾಲ್ವರಿಗೂ ಒಂದೇ ಪಾಸ್‌ವರ್ಡ್. ಒಂದು ಬೆಳಿಗ್ಗೆ ನೋಡಿದರೆ ನನ್ನ ರೀಡಿಂಗ್‌ಗಳಲ್ಲಿ 11 ಬದಲಾಗಿದ್ದವು. ಯಾರು ತಿದ್ದಿದ್ದು? ಯಾರಿಗೂ ಗೊತ್ತಿಲ್ಲ. ಕಾಗದದ ಮೇಲೆ ನಾನೂ ಏನನ್ನೂ ಬರೆದಿಟ್ಟಿರಲಿಲ್ಲ. ಆ ಸಿಟ್ಟಿನಲ್ಲೇ ರೋಸಲಿಂಡ್ ಫ್ರಾಂಕ್ಲಿನ್ ಬಗ್ಗೆ ಓದತೊಡಗಿದೆ. ಡಿಎನ್‌ಎ ಪಾಠದಲ್ಲಿ ಒಂದು ಸಾಲಲ್ಲಿ ಬಂದುಹೋಗುವ ಹೆಸರು.

1920ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೋಸಲಿಂಡ್ ಕೇಂಬ್ರಿಜ್‌ನಲ್ಲಿ ಓದಿ, ಪ್ಯಾರಿಸ್ಸಿನಲ್ಲಿ ಎಕ್ಸ್‌ರೇ ತಂತ್ರದಲ್ಲಿ ಪಳಗಿ, 1951ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. ಡಿಎನ್‌ಎಯ ಎಕ್ಸ್‌ರೇ ಕೆಲಸ ಇನ್ನು ಅವರದು, ಜೊತೆಗೆ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಎಂದು ಮುಖ್ಯಸ್ಥ ರಾಂಡಲ್ ಮೊದಲೇ ಪತ್ರ ಬರೆದಿದ್ದರು. ಅದುವರೆಗೆ ಆ ಕೆಲಸದಲ್ಲಿದ್ದ ಮಾರಿಸ್ ವಿಲ್ಕಿನ್ಸ್‌ಗೆ ಮಾತ್ರ ಈ ವಿಷಯ ತಿಳಿಸಲೇ ಇಲ್ಲ. ರೋಸಲಿಂಡ್ ತಮ್ಮ ಕೈಕೆಳಗೆ ಬಂದವರೆಂದು ವಿಲ್ಕಿನ್ಸ್ ತಿಳಿದರು. ಕೆಲಸ ಪೂರ್ತಿ ತನ್ನದೇ ಎಂದು ರೋಸಲಿಂಡ್ ತಿಳಿದರು. ಇಬ್ಬರಿಗಿಂತ ಆ ಪತ್ರದ್ದೇ ತಪ್ಪು ಹೆಚ್ಚು ಅಂತ ನನಗನ್ನಿಸುತ್ತದೆ.

1952ರ ಮೇ ತಿಂಗಳಲ್ಲಿ, 60 ಗಂಟೆಗೂ ಹೆಚ್ಚು ಹೊತ್ತು ಎಕ್ಸ್‌ರೇ ಹಾಯಿಸಿ ತೆಗೆದದ್ದು 51ನೇ ಫೋಟೊ. ಮರುವರ್ಷ ರೋಸಲಿಂಡ್ ಬರ್ಕ್‌ಬೆಕ್ ಕಾಲೇಜಿಗೆ ಹೊರಡುವ ತಯಾರಿಯಲ್ಲಿದ್ದಾಗ ಗಾಸ್ಲಿಂಗ್ ಮೂಲಕ ಅದು ವಿಲ್ಕಿನ್ಸ್ ಕೈಸೇರಿತು. ಅವರದನ್ನು ಕೇಂಬ್ರಿಜ್‌ನಿಂದ ಬಂದಿದ್ದ ವ್ಯಾಟ್ಸನ್‌ಗೆ ತೋರಿಸಿದರು. ರೋಸಲಿಂಡ್‌ರನ್ನು ಕೇಳಲಿಲ್ಲ. ಎಲ್ಲರೂ ಈ ಫೋಟೊ ಕಥೆಯನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದೆನಿಸಿದ್ದು ಒಂದು ವರದಿ. ಕಿಂಗ್ಸ್‌ನ ಕೆಲಸದ ಬಗ್ಗೆ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸಲ್ಲಿಸಿದ್ದ ಆ ವರದಿಯಲ್ಲಿ ರೋಸಲಿಂಡ್ ಅಳತೆಗಳಿದ್ದವು. ಅದು ಮ್ಯಾಕ್ಸ್ ಪೆರುಟ್ಜ್ ಕೈಯಿಂದ ವ್ಯಾಟ್ಸನ್, ಕ್ರಿಕ್ ಇಬ್ಬರಿಗೂ ಹೋಯಿತು. ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಸಾಗುತ್ತವೆ ಎಂದು ಕ್ರಿಕ್‌ಗೆ ಹೊಳೆದದ್ದು ಆ ಅಳತೆಗಳಿಂದ. ವರದಿಯ ಮೇಲೆ ಗೋಪ್ಯ ಎಂದೇನೂ ಬರೆದಿರಲಿಲ್ಲ. ಕೊಡುವ ಮುನ್ನ ರಾಂಡಲ್‌ರನ್ನು ಒಂದು ಮಾತು ಕೇಳಬೇಕಿತ್ತು ಎಂದು ಪೆರುಟ್ಜ್ 1969ರಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ 16 ವರ್ಷ ಕಳೆದಿತ್ತು.

1953ರ ಏಪ್ರಿಲ್ 25ರ 'ನೇಚರ್'ನಲ್ಲಿ ಮೂರು ಲೇಖನಗಳು ಒಟ್ಟಿಗೆ ಬಂದವು. ಮೊದಲನೆಯದು ವ್ಯಾಟ್ಸನ್, ಕ್ರಿಕ್‌ರದು, ಮೂರನೆಯದು ರೋಸಲಿಂಡ್, ಗಾಸ್ಲಿಂಗ್‌ರದು. ಓದಿದವರಿಗೆ ಅದು ಮೊದಲನೆಯದಕ್ಕೆ ಸಾಕ್ಷಿ ಹೇಳಲು ಬಂದಂತೆ ಕಾಣುತ್ತಿತ್ತು. ರೋಸಲಿಂಡ್ ವೈರಸ್‌ಗಳ ಮೇಲೆ ಒಳ್ಳೆಯ ಕೆಲಸ ಮಾಡಿ, 1958ರ ಏಪ್ರಿಲ್ 16ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 37. ಉಳಿದ ಮೂವರಿಗೆ 1962ರಲ್ಲಿ ನೊಬೆಲ್ ಬಂತು.

ಆದರೆ ಅವರ ನೋಟ್‌ಬುಕ್‌ಗಳು ಉಳಿದಿದ್ದವು, ತಾರೀಖಿನ ಸಮೇತ. ಬರ್ಕ್‌ಬೆಕ್‌ನ ಸಹೋದ್ಯೋಗಿ ಆರನ್ ಕ್ಲುಗ್ ಅವನ್ನು ಕೂತು ಓದಿದರು. ಡಿಎನ್‌ಎಗೆ ಎರಡು ಎಳೆ ಎಂಬಲ್ಲಿಗೆ ರೋಸಲಿಂಡ್ 1953ರ ಫೆಬ್ರುವರಿಯಲ್ಲೇ ತಲುಪಿದ್ದು ಅದರಲ್ಲಿತ್ತು. ಲೇಖನದ ಮೊದಲ ಕರಡೂ ಸಿಕ್ಕಿತು, ಅದರ ಮೇಲೆ ಮಾರ್ಚ್ 17 ಎಂದಿದೆ. ಕೇಂಬ್ರಿಜ್ ಮಾದರಿಗೆ ಹೊಂದುತ್ತದೆ ಎಂಬ ಮಾತು ಸೇರಿದ್ದು ಅದರ ನಂತರ.

ಈಗ ನಮ್ಮ ಮೂಲ ರೀಡಿಂಗ್‌ಗಳ ಫೈಲಿಗೆ ಬೀಗ ಬಿದ್ದಿದೆ. ತಿದ್ದುವವರು ಬೇರೆ ಶೀಟಿನಲ್ಲಿ ಹೆಸರು, ತಾರೀಖು, ಕಾರಣ ಬರೆದೇ ತಿದ್ದಬೇಕು. ಗೆಳತಿ ಒಬ್ಬಳು ಇದನ್ನು ಹಾಜರಿ ಪುಸ್ತಕ ಅಂತ ರೇಗಿಸುತ್ತಾಳೆ. 11ರಲ್ಲಿ 9 ರೀಡಿಂಗ್ ಮತ್ತೆ ತೆಗೆದೆ. ಉಳಿದೆರಡರ ಸ್ಯಾಂಪಲ್ ಮುಗಿದಿತ್ತು. ಪ್ರಬಂಧದ ಕೋಷ್ಟಕದಲ್ಲಿ ಆ ಎರಡು ಮನೆ ಖಾಲಿ ಬಿಟ್ಟಿದ್ದೇನೆ.