ಶಾಹೂ ಛತ್ರಪತಿಗಳ ಕಾಯದೆಯೂ ಕಾರುಣ್ಯವೂ

ಕೊಲ್ಲಾಪುರದ ರಾಜರ್ಷಿ ಶಾಹೂ ಛತ್ರಪತಿಗಳನ್ನು ಮರಾಠಿ ಬಾಂಧವರು ತಮ್ಮವರೆಂದು ಅಭಿಮಾನದಿಂದ ಕೊಂಡಾಡುವದು ಸಹಜವೇ ಆಗಿದೆ. ಆದರೆ ಕನ್ನಡ ಸಂಘದ ಸಂಚಿಕೆಯೊಂದರಲ್ಲಿ ಅವರ ಚರಿತ್ರೆಯನ್ನು ಬರೆಯಲು ನಮಗೂ ಅಧಿಕಾರವುಂಟು. ಅವರ ಹೆತ್ತ ತಾಯಿ ರಾಧಾಬಾಯಿಯವರು ಮುಧೋಳದ ಘೋರ್ಪಡೆ ಮನೆತನದ ಮಗಳು. ಅವರು ರಾಜ್ಯಭಾರದ ಪಾಠಗಳನ್ನು ಕಲಿತುದು ಧಾರವಾಡದಲ್ಲಿ. ಅವರ ಆಳಿಕೆಯಲ್ಲಿದ್ದ ಗಡಹಿಂಗ್ಲಜ, ಶಿರೋಳ, ರಾಯಬಾಗಗಳ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡವೇ ಆಗಿತ್ತು. ರಾಯಬಾಗವಂತೂ 1949ರಲ್ಲಿ ಸಂಸ್ಥಾನವು ವಿಲೀನವಾದ ಮೇಲೆ ಬೆಳಗಾವಿ ಜಿಲ್ಲೆಯನ್ನು ಸೇರಿ ಈಗ ಕರ್ನಾಟಕದಲ್ಲಿಯೇ ಇದೆ.

ಕಾಗಲದ ಜಹಗೀರದಾರರಾದ ಜಯಸಿಂಗರಾವ ಘಾಟಗೆಯವರ ಮಗನಾಗಿ 1874ನೆಯ ಜೂನ್ 26ರಂದು ಯಶವಂತರಾವನು ಜನಿಸಿದನು. ಕೊಲ್ಲಾಪುರದ ಗಾದಿಗೆ ಉತ್ತರಾಧಿಕಾರಿಗಳಿಲ್ಲದಂತಾಗಲು ರಾಣಿ ಆನಂದಿಬಾಯಿಯವರು 1884ರ ಮಾರ್ಚ ತಿಂಗಳಲ್ಲಿ ಈ ಒಂಬತ್ತು ವರ್ಷದ ಬಾಲಕನನ್ನು ದತ್ತಕ ತೆಗೆದುಕೊಂಡರು. ಅಂದಿನಿಂದ ಆತನು ಶಾಹೂ. ಮೊದಲು ರಾಜಕೋಟದಲ್ಲಿಯೂ 1890ರಿಂದ ಧಾರವಾಡದಲ್ಲಿ ಫ್ರೇಜರ ಸಾಹೇಬರ ಕೈಕೆಳಗೂ ವಿದ್ಯಾಭ್ಯಾಸ ನಡೆಯಿತು. 1894ನೆಯ ಎಪ್ರಿಲ್ 2ರಂದು, ಇನ್ನೂ ಇಪ್ಪತ್ತು ತುಂಬುವ ಮೊದಲೇ, ರಾಜ್ಯಸೂತ್ರಗಳು ಅವರ ಕೈಗೆ ಬಂದವು.

ತರುಣ ಮಹಾರಾಜರು ಕಂಡ ರಾಜ್ಯದ ಸ್ಥಿತಿಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದರಬಾರಿನ 71 ಅಧಿಕಾರ ಸ್ಥಾನಗಳಲ್ಲಿ 60 ಒಂದೇ ಜಾತಿಯವರ ಕೈಯಲ್ಲಿದ್ದವು. ಉಳಿದವರು ಹೊಲ ಉಳುತ್ತ, ಕಂದಾಯ ಕೊಡುತ್ತ ಕಚೇರಿಯ ಬಾಗಿಲಲ್ಲಿ ಕೈಮುಗಿದು ನಿಂತವರು. ವೇದೋಕ್ತ ಕರ್ಮದ ವಾದದಲ್ಲಿ ಸ್ವತಃ ಮಹಾರಾಜರಿಗೇ ಜಾತಿಯ ಕಹಿಯು ಅನುಭವಕ್ಕೆ ಬಂದಿತು. ಆ ದೀರ್ಘ ಕಥೆಯು ಇಲ್ಲಿ ಬೇಡ. 1902ರಲ್ಲಿ ಅವರು ಇಂಗ್ಲಂಡದಲ್ಲಿದ್ದಾಗಲೇ, ಜುಲೈ 26ರಂದು, ಹಿಂದುಳಿದ ವರ್ಗಗಳಿಗೆ ನೂರಕ್ಕೆ ಐವತ್ತು ಸರಕಾರಿ ಸ್ಥಾನಗಳನ್ನು ಕಾಯ್ದಿರಿಸುವ ಆಜ್ಞೆಯು ಹೊರಬಿದ್ದಿತು. ಇಡಿಯ ಭಾರತವು ಈ ಮಾತನ್ನು ರಾಜ್ಯಾಂಗದಲ್ಲಿ ಬರೆದುಕೊಳ್ಳಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಆಜ್ಞೆಯು ಕಚೇರಿಯ ಬಾಗಿಲನ್ನು ತೆರೆಯಿತೇನೋ ನಿಜ. ಆದರೆ ಓದು ಬರದವನು ಆ ಬಾಗಿಲನ್ನು ಹೊಕ್ಕು ಮಾಡುವದೇನು? ಹಳ್ಳಿಯ ಹುಡುಗನು ಕೊಲ್ಲಾಪುರಕ್ಕೆ ಬಂದರೆ ಉಣ್ಣುವದೆಲ್ಲಿ, ಮಲಗುವದೆಲ್ಲಿ? ಈ ಪ್ರಶ್ನೆಗೆ ಯಾವ ಕಾಯದೆಯಲ್ಲಿಯೂ ಉತ್ತರವಿರಲಿಲ್ಲ. ಮಹಾರಾಜರು ಸ್ಥಳ ಕೊಟ್ಟು, ಹಣ ಕೊಟ್ಟು ಒಂದೊಂದೇ ವಿದ್ಯಾರ್ಥಿನಿಲಯವನ್ನು ಎಬ್ಬಿಸಿ ನಿಲ್ಲಿಸಿದರು. 1901ರಲ್ಲಿ ಮರಾಠರದು, ಜೈನರದು, 1906ರಲ್ಲಿ ಮುಸಲ್ಮಾನರದು, 1907ರಲ್ಲಿ ಲಿಂಗಾಯತರದು, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ ವಸತಿಗೃಹ. ನಮ್ಮ ನೆರೆಯ ಕುಂಭೋಜದ ಭಾವುರಾವ ಪಾಟೀಲರು ಜೈನ ಬೋರ್ಡಿಂಗದ ಅನ್ನವನ್ನುಂಡವರೇ. ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟಿಸಿ, ಆ ಅನ್ನದ ಋಣವನ್ನು ಸಾವಿರಾರು ಬಡ ಮಕ್ಕಳಿಗೆ ತೀರಿಸಿದರು. ಜಾತಿಗೊಂದು ನಿಲಯವಾದುದು ಸರಿಯೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಅಂದು ಒಂದೇ ಪಂಕ್ತಿಯ ನಿಲಯವನ್ನು ತೆರೆದಿದ್ದರೆ ಅದು ಬರಿದಾಗಿ ಉಳಿಯುತ್ತಿತ್ತೆಂಬುದು ನನ್ನ ಅಭಿಪ್ರಾಯ.

1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡುವ ಕಾಯದೆಯು ಬಂದಿತು. ಮಗುವನ್ನು ಶಾಲೆಗೆ ಕಳಿಸದ ತಂದೆತಾಯಿಗಳಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಅಂದಿನ ಒಂದು ರೂಪಾಯಿಯು ಕೂಲಿಯವನಿಗೆ ಸಣ್ಣ ಮೊತ್ತವಲ್ಲ. ದಂಡದ ಭೀತಿಯು ಮಗುವಿನ ಹೆಸರನ್ನು ಪಟದಲ್ಲಿ ಬರೆಸೀತು. ಆದರೆ ಹಸಿದ ಮಗುವನ್ನು ಸಂಜೆಯ ವರೆಗೆ ಹಲಗೆಯ ಮುಂದೆ ಕೂಡಿಸುವದು ದಂಡದಿಂದಾಗದೆಂಬುದನ್ನು ನನ್ನ ಉಪಾಧ್ಯಾಯ ಬಂಧುಗಳೆಲ್ಲ ಬಲ್ಲರು.

ನಾವು ದಿನವೂ ಹಾಜರಿ ಕರೆಯುತ್ತೇವೆ. ಅದೇ ಹಾಜರಿ ಎಂಬ ಮಾತು ಆ ಕಾಲದಲ್ಲಿ ಕೆಲವು ಜಾತಿಗಳ ಜನಕ್ಕೆ ನಡುಕ ಹುಟ್ಟಿಸುವಂಥದಾಗಿತ್ತು. ಕಳ್ಳರೆಂದು ಹುಟ್ಟಿನಿಂದಲೇ ಮುದ್ರೆ ಬಿದ್ದವರು, ಕಳವು ಮಾಡಿರಲಿ ಬಿಡಲಿ, ಅಧಿಕಾರಿಗಳ ಮುಂದೆ ನಿತ್ಯವೂ ಬಂದು ನಿಲ್ಲಬೇಕು. 1918ರಲ್ಲಿ ಮಹಾರಾಜರು ಈ ಪದ್ಧತಿಯನ್ನು ರದ್ದುಗೊಳಿಸಿದರು. ಅಷ್ಟಕ್ಕೇ ಬಿಡದೆ ಪಾರಧಿಗಳನ್ನು ಕರೆದು ತಮ್ಮ ಬಳಿಯಲ್ಲಿಯೇ ಕಾವಲಿನ ಕೆಲಸ ಕೊಟ್ಟರು. ಕಳ್ಳನೆಂಬ ಹೆಸರನ್ನು ಕಾಯದೆಯು ಅಳಿಸಿತು. ನಂಬಿಗಸ್ತನೆಂಬ ಹೆಸರನ್ನು ಕೊಟ್ಟುದು ಆ ಕೆಲಸ.

ಅದೇ ವರ್ಷ ಮಹಾರ ವತನವೂ ಹೋಯಿತು. ತುಂಡು ನೆಲದ ಆಸೆಗೆ ಊರಿನವರೆಲ್ಲರ ಬಿಟ್ಟಿ ಚಾಕರಿಗೆ ಕಟ್ಟುಬಿದ್ದಿದ್ದವರಿಗೆ ಆ ನೆಲವು ಸ್ವಂತದ್ದಾಯಿತು. ಕುಲಕರ್ಣಿ ವತನವನ್ನೂ ತೆಗೆದು ವೇತನದ ತಲಾಟಿಗಳನ್ನು ನೇಮಿಸಿದರು. ಇದರಿಂದ ತಲೆಮಾರುಗಳ ಜೀವನೋಪಾಯ ಕಳೆದುಕೊಂಡ ಮನೆತನಗಳು ನೊಂದುಕೊಂಡವೆಂಬುದನ್ನೂ ಹೇಳಬೇಕು. ಕಾಯದೆಯ ಕತ್ತಿಯು ಬಿಡಿಸಿದ ಕಡೆಯಲ್ಲಿಯೇ ಇನ್ನೊಬ್ಬರನ್ನು ಕೊಯ್ಯುತ್ತದೆ.

1919ರಲ್ಲಿ ಸಾರ್ವಜನಿಕ ಬಾವಿ, ಧರ್ಮಶಾಲೆ, ದವಾಖಾನೆ, ಶಾಲೆಗಳಲ್ಲಿ ಅಸ್ಪೃಶ್ಯತೆಯನ್ನು ಪಾಲಿಸಕೂಡದೆಂದು ಆಜ್ಞೆಗಳಾದವು. ಈ ಆಜ್ಞೆಗಳ ಆಸುಪಾಸಿನ ಕಾಲದಲ್ಲಿಯೇ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು.

ಗಂಗಾರಾಮ ಕಾಂಬಳೆ ಎಂಬವರು ಅರಮನೆಯ ಕುದುರೆಲಾಯದಲ್ಲಿ ಚಾಕರಿಗಿದ್ದರು. ಜಾತಿಯಿಂದ ಮಹಾರರು. ಮಹಾರಾಜರು ಊರಲ್ಲಿಲ್ಲದ ಒಂದು ದಿನ ಅವರು ಮೇಲ್ಜಾತಿಯವರ ನೀರಿನ ಹೌದನ್ನು ಮುಟ್ಟಿದರೆಂಬ ನೆವದಿಂದ ಜೊತೆಯ ನೌಕರರು ಅವರನ್ನು ಚರ್ಮ ಸುಲಿಯುವಂತೆ ಹೊಡೆದರು. ಮಹಾರಾಜರು ಮರಳಿದ ಮೇಲೆ ಗಂಗಾರಾಮರು ಸೋನತಳಿಯ ಬಿಡಾರಕ್ಕೆ ಹೋಗಿ ಬೆನ್ನನ್ನು ತೋರಿಸಿ ಅತ್ತರು. ಹೊಡೆದವರಿಗೆ ತಕ್ಕ ಶಿಕ್ಷೆಯಾಯಿತು. ದಂಡನೀತಿಯ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಮರುದಿನ ಅದೇ ಲಾಯದಲ್ಲಿ, ಅದೇ ಜನರ ನಡುವೆ ಈ ಮನುಷ್ಯನು ಬಾಳುವದು ಹೇಗೆಂಬುದನ್ನು ಮಹಾರಾಜರು ಯೋಚಿಸಿದರು. ಚಾಕರಿಯಿಂದ ಬಿಡಿಸಿ, ಬಂಡವಾಳವನ್ನು ಕೊಟ್ಟು, ಸ್ವಂತ ಉದ್ಯೋಗ ಹೂಡುವಂತೆ ಹೇಳಿ ಕಳಿಸಿದರು.

ಗಂಗಾರಾಮರು ಕೊಲ್ಲಾಪುರದ ಭಾವುಸಿಂಗಜಿ ರಸ್ತೆಯಲ್ಲಿ ಸತ್ಯಸುಧಾರಕ ಎಂಬ ಹೆಸರಿನ ಚಹಾದಂಗಡಿಯನ್ನು ತೆರೆದರು. ಅಂಗಡಿ ಚೊಕ್ಕಟ, ಚಹಾ ರುಚಿ, ಬರುವವರಿಲ್ಲ. ಮಹಾರನ ಕೈಯ ಚಹಾ ಕುಡಿಯಕೂಡದೆಂದು ಯಾವ ಕಾಯದೆಯಲ್ಲಿಯೂ ಇರಲಿಲ್ಲ. ಕುಡಿಯಲೇಬೇಕೆಂದು ವಿಧಿಸುವ ಕಾಯದೆಯನ್ನು ಯಾವ ಅರಸನೂ ಮಾಡಲಾರನು. ಸುದ್ದಿಯು ಮಹಾರಾಜರನ್ನು ಮುಟ್ಟಿತು. ಅವರ ಸಾರೋಟು ಆ ಅಂಗಡಿಯ ಮುಂದೆ ಬಂದು ನಿಂತಿತು. ಅವರು ಅಲ್ಲಿಂದಲೇ ಗಟ್ಟಿಯಾಗಿ ಕೂಗಿ ಚಹಾ ತರಿಸಿ, ನೆರೆದ ಜನವೆಲ್ಲ ನೋಡುತ್ತಿರುವಂತೆ ಕುಡಿದರು. ಸಂಗಡ ಬಂದ ಮೇಲ್ಜಾತಿಯ ಸರದಾರರಿಗೂ ಅಧಿಕಾರಿಗಳಿಗೂ ಕುಡಿಸಿದರು. ಇದು ಒಂದು ದಿನದ ಆಟವಾಗಿರಲಿಲ್ಲ. ಸಹಿಗಾಗಿ ಕಾಗದ ಹಿಡಿದು ಬಂದವರು ಆ ಅಂಗಡಿಗೇ ಬರಬೇಕೆಂದೂ ಏರ್ಪಾಡಾಯಿತು. ಮುಂದೆ ಅಂಗಡಿಗೆ ಸೋಡಾ ಮಾಡುವ ಯಂತ್ರವನ್ನೂ ಕೊಡಿಸಿದರು.

1920ನೆಯ ಮಾರ್ಚ 21 ಮತ್ತು 22ರಂದು ನಮಗೆ ಹೆಚ್ಚು ದೂರವಿಲ್ಲದ ಮಾಣಗಾಂವದಲ್ಲಿ ಬಹಿಷ್ಕೃತರ ಪರಿಷತ್ತು ನಡೆಯಿತು. ಡಾ. ಅಂಬೇಡಕರರು ಅಧ್ಯಕ್ಷರು, ವಯಸ್ಸು ಇಪ್ಪತ್ತೆಂಟು. ಛತ್ರಪತಿಗಳು ತಾವಾಗಿ ಅಲ್ಲಿಗೆ ಬಂದು, ನೆರೆದವರಿಗೆ ತಮ್ಮಲ್ಲಿಯೇ ಒಬ್ಬ ಮುಂದಾಳು ದೊರೆತನೆಂದು ಸಾರಿದರು. ಅರಸನಾದವನು ಇನ್ನು ನನ್ನನ್ನು ನೆಚ್ಚಬೇಡಿರೆಂಬರ್ಥ ಬರುವಂತೆ ಮಾತಾಡುವದು ಅಪರೂಪ. ಕೊಡುವವನ ಆಯುಷ್ಯವಿರುವ ವರೆಗೆ ಮಾತ್ರ ಕೊಡುಗೆಯೆಂಬುದನ್ನು ಅವರು ಅರಿತಿದ್ದರೆಂದು ತೋರುತ್ತದೆ.

ಅವರ ಎಲ್ಲ ಕಾಯದೆಗಳೂ ಹೀಗೆ ಗುರಿ ಮುಟ್ಟಿದವೆಂದು ಹೇಳಲಾಗದು. 1920ರಲ್ಲಿಯೇ ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಗೆ ವಿರೋಧವಾಗಿ ಅವರು ಕಾಯದೆ ಮಾಡಿದ್ದರು. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಈ ಭಾಗದಿಂದ ಹೋಗುವ ಬಂಡಿಗಳಲ್ಲಿ ಆಮೇಲೆಯೂ ಬಡವರ ಹೆಣ್ಣುಮಕ್ಕಳು ಮುತ್ತು ಕಟ್ಟಿಸಿಕೊಳ್ಳಲು ಹೋದರು. ಕರ್ನಾಟಕ ಸರಕಾರವು 1982ರಲ್ಲಿ ಮತ್ತೊಮ್ಮೆ ಕಾಯದೆಯನ್ನು ಮಾಡಬೇಕಾಯಿತು. ಆ ಮಕ್ಕಳಿಗೆ ಅಂದು ಒಂದು ವಸತಿಗೃಹವಿರಲಿಲ್ಲ, ಒಂದು ಅಂಗಡಿಯ ಬಂಡವಾಳವಿರಲಿಲ್ಲ.

1922ನೆಯ ಮೇ 6ರಂದು ಮುಂಬಯಿಯಲ್ಲಿ ಮಹಾರಾಜರು ತೀರಿಕೊಂಡರು. ನಲವತ್ತೆಂಟು ತುಂಬಿರಲಿಲ್ಲ. ಅವರ ಹೆಸರಿನಲ್ಲಿ ಮುಂದೆ ಎದ್ದ ಪುತ್ಥಳಿಗಳೂ ಕಟ್ಟಡಗಳೂ ಬಹಳ. ಆದರೆ ಮೊತ್ತಮೊದಲನೆಯ ಸ್ಮಾರಕವು 1925ರಲ್ಲಿ ಕೊಲ್ಲಾಪುರದ ನರ್ಸರಿ ಬಾಗಿನಲ್ಲಿ ಎದ್ದಿತು. ಅದನ್ನು ಕಟ್ಟಿಸಲು ಮುಂದಾದವರು ದರಬಾರದ ಸರದಾರರಲ್ಲ. ಚಹಾದಂಗಡಿಯ ಗಂಗಾರಾಮ ಕಾಂಬಳೆಯವರು.