ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ: ವಾಯಿದೆಗಳ ವಿರುದ್ಧ ಒಂದು ವಕಾಲತ್ತು

ಕೋರ್ಟಿನಲ್ಲಿ ಒಬ್ಬರನ್ನು ಸೋಲಿಸೋಕೆ ಒಳ್ಳೆಯ ವಾದವೇ ಬೇಕು ಅಂತೇನಿಲ್ಲ. ಅವರ ಸಮಯ ಮುಗಿಯುವ ತನಕ ವಾಯಿದೆ ತೆಗೆದುಕೊಳ್ಳುತ್ತಾ ಹೋದರೂ ಸಾಕು. ನಮ್ಮ ತಾಲೂಕು ಕೋರ್ಟಿನ ಕಾರಿಡಾರಿನಲ್ಲಿ ಅರ್ಧ ದಿನ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1961ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯವೂ ಇದೇ ಲೆಕ್ಕ ಹಾಕಿತ್ತು. ಆ ಲೆಕ್ಕ ತಪ್ಪಿಸಿದ ವಕೀಲೆ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ.

ಮೋಟ್ಲಿ ಹುಟ್ಟಿದ್ದು 1921ರಲ್ಲಿ, ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ. ಕೆರಿಬಿಯನ್ ದ್ವೀಪ ನೆವಿಸ್‌ನಿಂದ ಬಂದ ಕಪ್ಪು ದಂಪತಿಯ 12 ಮಕ್ಕಳಲ್ಲಿ 9ನೆಯವರು. ಅಪ್ಪ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಗಳಲ್ಲಿ ಅಡುಗೆ ಕೆಲಸ ಮಾಡುತ್ತಿದ್ದರು. ಮಗಳನ್ನು ಕಾಲೇಜಿಗೆ ಕಳಿಸೋಕೆ ದುಡ್ಡಿರಲಿಲ್ಲ. ಊರಿನ ಸಮುದಾಯ ಭವನಕ್ಕೆ ಕಪ್ಪು ಜನ ಯಾಕೆ ಬರ್ತಿಲ್ಲ ಎಂಬ ಚರ್ಚೆ ನಡೆದಾಗ, ಆಡಳಿತ ಮಂಡಳಿಯಲ್ಲಿ ನಮ್ಮವರೇ ಇಲ್ಲವಲ್ಲ ಎಂದು ಈ ಹುಡುಗಿ ಎದ್ದು ಹೇಳಿದಳು. ಆ ಭವನಕ್ಕೆ ಹಣ ಕೊಟ್ಟಿದ್ದ ಬಿಳಿಯ ಗುತ್ತಿಗೆದಾರ ಕ್ಲಾರೆನ್ಸ್ ಬ್ಲೇಕ್ಸ್‌ಲೀ ಮುನಿಸಿಕೊಳ್ಳಲಿಲ್ಲ, ಆಕೆಯ ಓದಿನ ಖರ್ಚನ್ನೇ ವಹಿಸಿಕೊಂಡರು. 1946ರಲ್ಲಿ ಕೊಲಂಬಿಯಾದಿಂದ ಕಾನೂನು ಪದವಿ. ಅಷ್ಟರಲ್ಲೇ ಥರ್ಗುಡ್ ಮಾರ್ಷಲ್ ಅವರ ಎನ್‌ಎಎಸಿಪಿ ಲೀಗಲ್ ಡಿಫೆನ್ಸ್ ಫಂಡ್‌ನಲ್ಲಿ ಕೆಲಸ ಶುರುವಾಗಿತ್ತು. ಶಾಲೆಗಳಲ್ಲಿನ ವರ್ಣಭೇದವನ್ನು ಅಸಾಂವಿಧಾನಿಕ ಎಂದು 1954ರಲ್ಲಿ ಸಾರಿದ ಬ್ರೌನ್ ಪ್ರಕರಣದ ಮೂಲ ದೂರಿನ ಕರಡು ಬರೆದವರು ಮೋಟ್ಲಿಯೇ.

ತೀರ್ಪು ಬಂತು, ಆದರೆ ದಕ್ಷಿಣದ ರಾಜ್ಯಗಳು ಜಗ್ಗಲಿಲ್ಲ. ಅಲ್ಲಿಂದ ಮುಂದೆ ಹೋರಾಟ ನಡೆದದ್ದು ದೊಡ್ಡ ತತ್ವಗಳ ಮೇಲಲ್ಲ, ಸಣ್ಣ ಸಣ್ಣ ಅರ್ಜಿಗಳ ಮೇಲೆ. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಇವನ್ನು ಮೋಷನ್ ಅಂತಾರೆ. ದಾಖಲೆ ಕೊಡಿಸಿ, ತಡೆಯಾಜ್ಞೆ ಕೊಡಿ, ಕೊಟ್ಟ ತಡೆಯಾಜ್ಞೆ ತೆಗೆಯಿರಿ ಎಂದು ಕೇಸಿನ ನಡುವೆ ನ್ಯಾಯಾಧೀಶರನ್ನು ಕೇಳುವುದು. ನಮ್ಮ ಮಧ್ಯಂತರ ಅರ್ಜಿ ಇದ್ದ ಹಾಗೆ. ನೋಡೋಕೆ ಬರೀ ಕಾಗದದ ಕೆಲಸ. ಆದರೆ ಯಾವ ಅರ್ಜಿ, ಯಾವ ದಿನ, ಯಾರ ಮುಂದೆ ಎಂಬುದರಲ್ಲೇ ಮೋಟ್ಲಿ ಕೇಸು ಗೆಲ್ಲುತ್ತಿದ್ದರು.

ಜೇಮ್ಸ್ ಮೆರೆಡಿತ್ ವಾಯುಪಡೆಯಲ್ಲಿ ದುಡಿದು ಬಂದ ಕಪ್ಪು ಯುವಕ. ಜಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ ಓದುತ್ತಾ, ಬಿಳಿಯರಿಗಷ್ಟೇ ಮೀಸಲಾಗಿದ್ದ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ, ತಿರಸ್ಕೃತವಾಯಿತು. 1961ರ ಮೇ 31ರಂದು ಮೋಟ್ಲಿ ದಾವೆ ಹೂಡಿದರು, ಜೊತೆಗೇ ಮಧ್ಯಂತರ ಆದೇಶಕ್ಕೂ ಮೋಷನ್ ಹಾಕಿದರು. ಇಂಥ ಮೋಷನ್‌ಗೆ ಕೇಸು ಬಲವಾಗಿದ್ದರಷ್ಟೇ ಸಾಲದು. ಈಗಲೇ ಪರಿಹಾರ ಸಿಗದಿದ್ದರೆ ಆಮೇಲೆ ಗೆದ್ದರೂ ತುಂಬಿಕೊಳ್ಳಲಾಗದ ನಷ್ಟವಾಗುತ್ತೆ ಅಂತಲೂ ತೋರಿಸಬೇಕು. ಇಲ್ಲಿ ಆ ನಷ್ಟ ಕಣ್ಣಿಗೆ ಹೊಡೆಯುವಂತಿತ್ತು. ವಿಚಾರಣೆ ಎಳೆದಷ್ಟೂ ಮೆರೆಡಿತ್ ಜಾಕ್ಸನ್ ಸ್ಟೇಟ್‌ನಲ್ಲೇ ಪದವಿ ಮುಗಿಸಿಬಿಡುವ ಹಂತಕ್ಕೆ ಬರುತ್ತಿದ್ದ. ಪದವಿ ಸಿಕ್ಕರೆ ಕೇಸಿಗೇ ಅರ್ಥವಿಲ್ಲ. ಓದಿ ಪಾಸಾಗುವುದೇ ಸೋಲಾಗುವ ಪರಿಸ್ಥಿತಿ!

ಜಿಲ್ಲಾ ನ್ಯಾಯಾಧೀಶ ಸಿಡ್ನಿ ಮೈಜ್ ಅವರೆದುರು ಜೂನ್‌ನಲ್ಲಿ ಶುರುವಾದ ವಿಚಾರಣೆ ಮುಂದೂಡಿ ಮುಂದೂಡಿ ಆಗಸ್ಟ್ ಮುಟ್ಟಿತು. ಡಿಸೆಂಬರ್‌ನಲ್ಲಿ ಮೋಷನ್ ವಜಾ. ಮೇಲ್ಮನವಿಯಲ್ಲೂ ಮಧ್ಯಂತರ ಆದೇಶ ಸಿಗಲಿಲ್ಲ. ಬೇಗ ವಿಚಾರಣೆ ಮುಗಿಸಿ ಎಂಬ ಸೂಚನೆ ಮಾತ್ರ ಸಿಕ್ಕಿತು. ಫೆಬ್ರುವರಿಯಲ್ಲಿ ಮೈಜ್ ತೀರ್ಪು: ವಿಶ್ವವಿದ್ಯಾಲಯದಲ್ಲಿ ವರ್ಣಭೇದವೇ ಇಲ್ಲವಂತೆ. ನ್ಯೂಯಾರ್ಕಿನಿಂದ ಮಿಸಿಸಿಪ್ಪಿಗೆ ಇಪ್ಪತ್ತಕ್ಕೂ ಹೆಚ್ಚು ಸಲ ಓಡಾಡಿದರು ಮೋಟ್ಲಿ. ಪ್ರತಿ ಸೋಲಿನ ಬೆನ್ನಿಗೂ ಇನ್ನೊಂದು ಅರ್ಜಿ ಸಿದ್ಧ.

1962ರ ಜೂನ್ 25ರಂದು ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಮೆರೆಡಿತ್ ಪರ ತೀರ್ಪು ಕೊಟ್ಟಿತು. ಆಗ ನಡೆದದ್ದು ವಿಚಿತ್ರ. ಅದೇ ನ್ಯಾಯಾಲಯದ, ಆದರೆ ಆ ಪೀಠದಲ್ಲಿ ಕೂತೇ ಇರದ ನ್ಯಾಯಾಧೀಶ ಬೆನ್ ಕ್ಯಾಮರನ್ ತೀರ್ಪಿಗೆ ತಡೆ ಕೊಟ್ಟರು. ಪೀಠ ತೆಗೆದುಹಾಕಿತು. ಮತ್ತೆ ಕೊಟ್ಟರು. ಹೀಗೆ ಒಟ್ಟು ನಾಲ್ಕು ಸಲ. ಸೆಮಿಸ್ಟರ್ ಹತ್ತಿರವಾಗುತ್ತಿತ್ತು. ಮೋಟ್ಲಿ ತಂಡ ಈ ಹಗ್ಗಜಗ್ಗಾಟ ಬಿಟ್ಟು ನೇರ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಮುಂದೆ ಮೋಷನ್ ಇಟ್ಟಿತು. ಬ್ಲ್ಯಾಕ್ ಸ್ವತಃ ಅಲಬಾಮಾದವರು. ಸೆಪ್ಟೆಂಬರ್ 10ರಂದು ಅವರು ಎಲ್ಲ ತಡೆಗಳನ್ನೂ ರದ್ದು ಮಾಡಿದರು. ಗವರ್ನರ್ ರಾಸ್ ಬಾರ್ನೆಟ್ ಖುದ್ದು ಅಡ್ಡ ನಿಂತದ್ದು, ಗಲಭೆಯಲ್ಲಿ ಇಬ್ಬರು ಸತ್ತದ್ದು, ಕೆನೆಡಿ ಸೇನೆ ಕಳಿಸಿದ್ದು ಎಲ್ಲರಿಗೂ ಗೊತ್ತಿರುವ ಭಾಗ. ಅಕ್ಟೋಬರ್ 1ರಂದು ಮೆರೆಡಿತ್ ದಾಖಲಾದ.

ಮುಂದಿನ ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರತಿಭಟನೆಗೆ ಹೋದರೆಂದು ಸಾವಿರಕ್ಕೂ ಹೆಚ್ಚು ಕಪ್ಪು ವಿದ್ಯಾರ್ಥಿಗಳನ್ನು ಶಾಲೆಯಿಂದ ಹೊರಹಾಕಿದರು. ಶಾಲಾ ವರ್ಷ ಮುಗಿಯುತ್ತಾ ಬಂದಿತ್ತು. ಮೇ 22ರಂದು ಜಿಲ್ಲಾ ನ್ಯಾಯಾಧೀಶರು ಮೋಟ್ಲಿಯ ಮೋಷನ್ ತಳ್ಳಿಹಾಕಿದರು. ಅದೇ ದಿನ ಸಂಜೆ ಅಟ್ಲಾಂಟಾದಲ್ಲಿ ಮೇಲ್ಮನವಿ ನ್ಯಾಯಾಧೀಶ ಎಲ್ಬರ್ಟ್ ಟಟಲ್ ವಾದ ಕೇಳಿ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಲು ಆದೇಶಿಸಿದರು. ಒಂದೇ ದಿನ, ಎರಡು ಊರು, ಎರಡು ಕೋರ್ಟು. ಇಷ್ಟು ಬೇಗ ಆಗಬೇಕಾದರೆ ಸೋತರೆ ಎಲ್ಲಿಗೆ ಓಡಬೇಕು ಅನ್ನೋದು ಗೆಲುವಿನ ವಾದದಷ್ಟೇ ಚೆನ್ನಾಗಿ ತಯಾರಿರಬೇಕು.

ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ 10 ಕೇಸುಗಳಲ್ಲಿ 9 ಗೆದ್ದ ಮೋಟ್ಲಿ 1966ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶೆಯಾದರು. ಆ ಹುದ್ದೆಗೆ ಏರಿದ ಮೊದಲ ಕಪ್ಪು ಮಹಿಳೆ. ಈಗ ಮೋಷನ್‌ಗಳು ಅವರ ಮೇಜಿಗೆ ಬರತೊಡಗಿದವು. 1975ರಲ್ಲಿ ಒಂದು ಅವರ ವಿರುದ್ಧವೇ ಬಂತು. ಲಿಂಗ ತಾರತಮ್ಯದ ಆರೋಪ ಹೊತ್ತ ದೊಡ್ಡ ವಕೀಲ ಸಂಸ್ಥೆ ಸಲಿವನ್ ಆ್ಯಂಡ್ ಕ್ರಾಮ್‌ವೆಲ್, ತಾರತಮ್ಯದ ವಿರುದ್ಧ ವಕಾಲತ್ತು ಮಾಡಿದ್ದ ಕಪ್ಪು ಮಹಿಳೆ ಈ ಕೇಸಿನಿಂದ ಹಿಂದೆ ಸರಿಯಬೇಕೆಂದು ಕೇಳಿತು. ಹುಟ್ಟು, ಲಿಂಗ, ಹಿಂದಿನ ವೃತ್ತಿಯೇ ಪಕ್ಷಪಾತಕ್ಕೆ ಸಾಕ್ಷಿಯಾದರೆ ಈ ಕೋರ್ಟಿನ ಯಾವ ನ್ಯಾಯಾಧೀಶರೂ ಕೇಸು ಕೇಳುವಂತಿಲ್ಲ, ಎಲ್ಲರಿಗೂ ಒಂದು ಲಿಂಗ, ಒಂದು ಬಣ್ಣ ಇದ್ದೇ ಇದೆಯಲ್ಲ ಎಂಬುದು ಅವರ ಉತ್ತರದ ಸಾರ. ಮೋಷನ್ ವಜಾ ಆಯಿತು. ಕೇಸು ಮೋಟ್ಲಿ ಬಳಿಯೇ ಉಳಿಯಿತು.