ಮೂಕಜೀವಿಗಳಿಗಾಗಿ ವಾದಿಸಿದ ನರ್ತಕಿ: ರುಕ್ಮಿಣಿ ದೇವಿ ಅರುಂಡೇಲ್

ರುಕ್ಮಿಣಿ ದೇವಿ ಅರುಂಡೇಲ್ ಎಂದೊಡನೆ ಚೆನ್ನೈ ಕನ್ನಡಿಗರಿಗೆ ನೆನಪಾಗುವುದು ಭರತನಾಟ್ಯ ಮತ್ತು ತಿರುವಾನ್ಮಿಯೂರಿನ ಕಲಾಕ್ಷೇತ್ರ. ನಮ್ಮ ಮೈಸೂರು ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಅವರ ಕರೆಗೆ ಓಗೊಟ್ಟು ಕಲಾಕ್ಷೇತ್ರ ಸೇರಿ, ರಾಮಾಯಣದ ನೃತ್ಯರೂಪಕಗಳಿಗೆ ಸಂಗೀತ ಸಂಯೋಜಿಸಿದ್ದು ಸಂಗೀತಾಸಕ್ತರಿಗೆ ತಿಳಿದ ಸಂಗತಿಯೇ. ಆದರೆ ಸಾಕಿದ ಪ್ರಾಣಿಯನ್ನು ಹೊಡೆಯುವುದಷ್ಟೇ ಅಲ್ಲ, ಅನ್ನ ನೀರಿಲ್ಲದೆ ಕಟ್ಟಿಹಾಕುವುದೂ ಅಪರಾಧವೆಂದು ಸಾರುವ ಇಂದಿನ ಕಾಯ್ದೆಯ ಹಿಂದೆ ಇದೇ ನರ್ತಕಿಯ ಶ್ರಮವಿದೆ ಎಂಬುದನ್ನು ಬಲ್ಲವರು ವಿರಳ.

1904ರ ಫೆಬ್ರವರಿ 29ರಂದು ಮಧುರೈಯಲ್ಲಿ ಜನಿಸಿದ ರುಕ್ಮಿಣಿಯವರ ತಂದೆ ನೀಲಕಂಠ ಶಾಸ್ತ್ರಿಗಳು ಎಂಜಿನಿಯರರಾಗಿದ್ದವರು, ಥಿಯಾಸಫಿಯ ಅನುಯಾಯಿಗಳು. ನಿವೃತ್ತಿಯ ನಂತರ ಕುಟುಂಬ ಅಡ್ಯಾರಿನಲ್ಲಿ ನೆಲೆಸಿತು. 1920ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಅವರು ಆಂಗ್ಲರಾದ ಜಾರ್ಜ್ ಅರುಂಡೇಲರನ್ನು ವರಿಸಿದಾಗ ಮದರಾಸಿನ ಸಂಪ್ರದಾಯಸ್ಥ ಸಮಾಜ ಸಿಡಿದೆದ್ದಿತು. ದೇವದಾಸಿಯರ ಕಲೆಯೆಂದು ಕುಲೀನರು ದೂರವಿರಿಸಿದ್ದ ನೃತ್ಯವನ್ನು ಕಲಿತು 1935ರಲ್ಲಿ ವೇದಿಕೆ ಏರಿದಾಗಲೂ ಟೀಕೆಗೆ ಕೊರತೆಯಿರಲಿಲ್ಲ. ಮರುವರ್ಷವೇ ಕಲಾಕ್ಷೇತ್ರ ಹುಟ್ಟಿತು. ಜನರ ಮಾತಿಗೆ ಅಂಜದ ಈ ಸ್ವಭಾವವೇ ಮುಂದೆ ದೆಹಲಿಯಲ್ಲಿ ಅವರ ನೆರವಿಗೆ ಬಂದಿತೆಂದು ನನಗನಿಸುತ್ತದೆ.

1952ರಲ್ಲಿ ರಾಷ್ಟ್ರಪತಿಯವರು ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಕಲಾವಿದೆ ಕಲೆಯ ಬಗ್ಗೆ ಮಾತನಾಡಿಯಾರು ಎಂದು ನಿರೀಕ್ಷಿಸಿದ್ದವರಿಗೆ ಆಶ್ಚರ್ಯ ಕಾದಿತ್ತು. ಒಂದೆರಡು ವರ್ಷಗಳಲ್ಲೇ ಪ್ರಾಣಿಹಿಂಸೆಯನ್ನು ತಡೆಯುವ ಖಾಸಗಿ ಮಸೂದೆಯೊಂದನ್ನು ಅವರು ಸದನದ ಮುಂದಿಟ್ಟರು. ಆಗ ಜಾರಿಯಲ್ಲಿದ್ದುದು 1890ರ ಕಾನೂನು. ಅದರ ವ್ಯಾಪ್ತಿ ಬಹುಮಟ್ಟಿಗೆ ಪಟ್ಟಣಗಳಿಗೆ ಸೀಮಿತ. ಸಾಕಿದ ಅಥವಾ ಸೆರೆಹಿಡಿದ ಪ್ರಾಣಿಗಳಿಗಷ್ಟೇ ಅನ್ವಯ. ಪ್ರಧಾನಿ ನೆಹರೂ ಅವರು ಸರ್ಕಾರವೇ ಸಮಗ್ರ ಕಾಯ್ದೆ ತರುವುದೆಂದು ಭರವಸೆಯಿತ್ತಾಗ ರುಕ್ಮಿಣಿ ದೇವಿ ಮಸೂದೆಯನ್ನು ಹಿಂಪಡೆದರು. ಇಂತಹ ಭರವಸೆಗಳ ಗತಿಯೇನೆಂಬುದು ಕಚೇರಿಗಳಲ್ಲಿ ದುಡಿದ ನಮಗೆ ಗೊತ್ತಿರುವುದೇ. ಆದರೆ ಅವರು ಬೆನ್ನು ಬಿಡಲಿಲ್ಲ. ಸಮಿತಿ, ವರದಿಗಳ ಹಾದಿ ಹಿಡಿದು 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಜಾರಿಗೆ ಬಂದಿತು.

ಆ ಕಾಯ್ದೆಯ 11ನೇ ಕಲಮನ್ನು ಪ್ರತಿಯೊಂದು ಮನೆಯವರೂ ಒಮ್ಮೆ ಓದಬೇಕು. ಹೊಡೆಯುವುದು, ಅತಿಭಾರ ಹೇರುವುದು, ಗಾಯವಾದ ಅಥವಾ ಮುದಿಯಾದ ಪ್ರಾಣಿಯನ್ನು ದುಡಿಸುವುದು ಅದರಲ್ಲಿವೆ. ಅವುಗಳ ಜೊತೆಗೆ ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದು, ಮೈ ತಿರುಗಿಸಲಾಗದ ಪಂಜರದಲ್ಲಿಡುವುದು, ಸಾಕಷ್ಟು ಆಹಾರ, ನೀರು, ನೆರಳು ನೀಡದಿರುವುದು, ಹಸಿವೆಯಿಂದ ನರಳುವಂತೆ ಬೀದಿಪಾಲು ಮಾಡುವುದೂ ಅಪರಾಧಗಳೇ. ಬೇಸಿಗೆ ರಜೆಗೆ ಊರಿಗೆ ಹೊರಟವರ ಬಾಲ್ಕನಿಯಲ್ಲಿ ಬಿಸಿಲಿಗೆ ಒಣಗುವ ನಾಯಿಯನ್ನು ಕಂಡರೂ ಅನ್ಯರ ಮನೆಯ ವಿಚಾರವೆಂದು ನಾವು ಸುಮ್ಮನಿರುತ್ತೇವೆ. ಕಾನೂನು ಹಾಗೆ ಬಗೆಯುವುದಿಲ್ಲ. ಪೊಲೀಸ್ ಠಾಣೆಗಾಗಲಿ ಪ್ರಾಣಿದಯಾ ಸಂಘಕ್ಕಾಗಲಿ ಲಿಖಿತ ದೂರು ಕೊಡಬಹುದು. ಕಂಡ ದಿನ, ವೇಳೆ, ಸ್ಥಳಗಳನ್ನು ಬರೆದಿಟ್ಟು ಛಾಯಾಚಿತ್ರವಿದ್ದರೆ ಲಗತ್ತಿಸುವುದು ಮೇಲು. ಏಕೆಂದರೆ ಈ ಕಾಯ್ದೆಯ ಅಪರಾಧಗಳಿಗೆ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ತಡವಾದರೆ ಅವಕಾಶ ತಪ್ಪುತ್ತದೆ.

ಕಾಯ್ದೆಯ ಅನುಸಾರ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ರೂಪುಗೊಂಡಾಗ ರುಕ್ಮಿಣಿ ದೇವಿಯವರೇ ಅದರ ಅಧ್ಯಕ್ಷೆಯಾದರು. ದೆಹಲಿಯಲ್ಲಲ್ಲ, ಮದರಾಸಿನಲ್ಲೇ ಅದರ ಕಚೇರಿ. ಒಂದೆಡೆ ನೃತ್ಯರೂಪಕಗಳ ತಾಲೀಮು, ಇನ್ನೊಂದೆಡೆ ಮಂಡಳಿಯ ಕಡತಗಳು. 1977ರಲ್ಲಿ ಮೊರಾರ್ಜಿ ದೇಸಾಯಿಯವರು ರಾಷ್ಟ್ರಪತಿ ಹುದ್ದೆಗೆ ಅವರ ಹೆಸರನ್ನು ಸೂಚಿಸಲು ಮುಂದಾದಾಗ ಅವರು ಒಪ್ಪಲಿಲ್ಲ. ಮಂಡಳಿಯ ಹೊಣೆಯನ್ನು ಮಾತ್ರ 1986ರ ಫೆಬ್ರವರಿ 24ರಂದು ಕಣ್ಮುಚ್ಚುವವರೆಗೂ ಬಿಡಲಿಲ್ಲ.

ಮಂಡಳಿಯ ಕೇಂದ್ರ ಕಚೇರಿ 2018ರಲ್ಲಿ ಚೆನ್ನೈ ತೊರೆದು ಹರಿಯಾಣಕ್ಕೆ ಹೋಯಿತು. 1960ರಲ್ಲಿ ಮೊದಲ ಅಪರಾಧಕ್ಕೆ ಗೊತ್ತುಪಡಿಸಿದ ದಂಡ ಗರಿಷ್ಠ 50 ರೂಪಾಯಿ. ಅಂದು ಐವತ್ತು ರೂಪಾಯಿ ಎಂದರೆ ಬಡವನಿಗೆ ಭಾರೀ ಮೊತ್ತವೇ. ಬಡ್ಡಿ, ಬೆಲೆಯೇರಿಕೆಗಳ ಲೆಕ್ಕದಲ್ಲೇ ಬದುಕು ಸವೆಸಿದ ನನ್ನಂತಹ ಬ್ಯಾಂಕ್ ನೌಕರನಿಗೆ ನಂಬಲು ಕಷ್ಟವಾದರೂ, ಆ ಮೊತ್ತ ಇಂದಿಗೂ ಬದಲಾಗಿಲ್ಲ.